ಬೆಂಕಿಯ ಬಂಬೂ ಊರಿನ ರಾಜಕಾರಣವೂ

ಪುಣೆಯಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ‘ಬಂಬು’ ಎಂಬ ಮಾತಿಗೆ ಎರಡರ್ಥ ಉಂಟು. ಬಚ್ಚಲುಮನೆಯ ಮೂಲೆಯಲ್ಲಿ ನಿಂತು ಹೊಗೆಯುಗುಳುತ್ತ ಸ್ನಾನಕ್ಕೆ ನೀರು ಕಾಯಿಸುತ್ತಿದ್ದ ತಾಮ್ರದ ಬಂಬು ಒಂದು. ಗಂಟೆ ಬಾರಿಸುತ್ತ ಬೀದಿಯಲ್ಲಿ ಓಡುವ ಕೆಂಪು ಬಂಬು ಇನ್ನೊಂದು. ಮರಾಠಿಯವರು ಎರಡನ್ನೂ ‘ಬಂಬ’ ಎನ್ನುತ್ತಾರೆ. ಬೆಳಗಾವಿ, ಧಾರವಾಡಗಳ ಕಡೆಯಿಂದ ಬಂದ ನಾವೂ ಆ ಮಾತನ್ನು ನಮ್ಮದಾಗಿ ಮಾಡಿಕೊಂಡಿದ್ದೇವೆ. ತಾಮ್ರದ ಬಂಬು ಗೀಸರು ಬಂದ ಮೇಲೆ ಅಟ್ಟ ಸೇರಿತು. ಕೆಂಪು ಬಂಬು ಇನ್ನೂ ಓಡುತ್ತಲೇ ಇದೆ. ಅದು ಯಾರದು, ಅದರ ಮೇಲೆ ಕುಳಿತವರಿಗೆ ಸಂಬಳ ಕೊಡುವವರು ಯಾರು, ಅದು ಯಾವ ಬೀದಿಗೆ ಬೇಗ ಬರುತ್ತದೆ, ಯಾವ ಬೀದಿಗೆ ತಡವಾಗಿ ಬರುತ್ತದೆ ಎಂಬುದನ್ನು ನಾವು ಕೇಳಿಕೊಂಡದ್ದು ಕಡಿಮೆ.

ವೃತ್ತಿಯಿಂದ ನಾವು ಬ್ಯಾಂಕಿನ ಗುಮಾಸ್ತರು, ಓದಿದ್ದು ಬಿ.ಕಾಂ. ರಾಜ್ಯೋತ್ಸವದ ಸಂಚಿಕೆಗೆ ಇತಿಹಾಸ ಬರೆಯುವವರು ಪುಲಕೇಶಿಯನ್ನೋ ಕೃಷ್ಣದೇವರಾಯನನ್ನೋ ಆರಿಸಿಕೊಳ್ಳುವುದು ವಾಡಿಕೆ. ಆ ಮಹನೀಯರ ವಿಷಯ ಬರೆಯಲು ನಮಗಿಂತ ಬಲ್ಲವರಿದ್ದಾರೆ. ನಾವು ಬಂಬಿನ ಇತಿಹಾಸಕ್ಕೆ ಕೈಹಾಕಿದುದಕ್ಕೆ ಒಂದು ಕಾರಣವಿದೆ. ಎರಡು ವರ್ಷಗಳ ಹಿಂದೆ ಒಂದು ರಾತ್ರಿ ನಮ್ಮ ಸೊಸೈಟಿಯ ಮೀಟರುಗಳ ಕೋಣೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಕಲಬುರಗಿ ಕಡೆಯ ನಮ್ಮ ಕಾವಲುಗಾರ ಓಡಿಬಂದು ಬಾಗಿಲು ಬಡಿದು, “ಸಾಹೇಬ್ರ, ಪೈಪಿನ್ಯಾಗ ನೀರ ಇಲ್ರಿ!” ಎಂದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಆ ಕಥೆಗೆ ಮತ್ತೆ ಬರುತ್ತೇವೆ.

ಪುಣೆ ಬೆಂಕಿಯನ್ನು ಚೆನ್ನಾಗಿ ಬಲ್ಲ ಊರು. ಸಾಗವಾನಿಯ ಕಂಬ, ಸಾಗವಾನಿಯ ತೊಲೆ, ಸಾಗವಾನಿಯ ಮಹಡಿ, ಹೀಗೆ ಪೇಶವೆಯರ ಕಾಲದ ವಾಡೆಗಳೆಲ್ಲ ಮರದ ಕಟ್ಟಡಗಳು. ಶನಿವಾರವಾಡೆ 1828ರ ಫೆಬ್ರವರಿಯಲ್ಲಿ ಹೊತ್ತಿಕೊಂಡು ಒಂದು ವಾರದ ಕಾಲ ಉರಿಯಿತೆಂದು ಹೇಳುತ್ತಾರೆ. ಇಂದು ನಮ್ಮ ಊರಿನಿಂದ ಬಂದ ನೆಂಟರಿಗೆ ನಾವು ಟಿಕೆಟ್ಟು ಕೊಡಿಸಿ ತೋರಿಸುವುದು ಅದರ ಕಲ್ಲಿನ ಕೋಟೆಯನ್ನೂ ಅರಮನೆಯ ತಳಪಾಯವನ್ನೂ ಮಾತ್ರ, ಮೇಲಿದ್ದದ್ದೆಲ್ಲ ಬೂದಿಯಾಯಿತು. ಮುಂದೆ 1879ರ ಮೇ ತಿಂಗಳಲ್ಲಿ ಬುಧವಾರವಾಡೆಗೆ ಬೆಂಕಿ ಬಿದ್ದು ಅದು ನಾಶವಾಯಿತು, ವಿಶ್ರಾಮಬಾಗವಾಡೆಯೂ ಒಂದಷ್ಟು ಸುಟ್ಟಿತು. ಅವು ವಾಸುದೇವ ಬಲವಂತ ಫಡಕೆಯವರ ಬಂಡಾಯದ ದಿನಗಳು. ಸರಕಾರಕ್ಕೆ ಎಲ್ಲೆಲ್ಲೂ ಸಂಶಯ. ನ್ಯಾಯಮೂರ್ತಿ ರಾನಡೆಯವರಂಥವರನ್ನೂ ಧುಳೆಗೆ ವರ್ಗ ಮಾಡಿತು. ಫಡಕೆಯವರು ಅದೇ ಜುಲೈಯಲ್ಲಿ ಸೆರೆಸಿಕ್ಕಿದ್ದು ನಮ್ಮ ಕಲಾದಗಿ ಸೀಮೆಯಲ್ಲಿ. ಬೆಂಕಿ ಹತ್ತಿದ ಕೂಡಲೆ ಅದನ್ನು ಆರಿಸುವವರು ಯಾರು ಎಂಬುದಕ್ಕಿಂತ ಹಚ್ಚಿದವರು ಯಾರು ಎಂಬ ಪ್ರಶ್ನೆಯೇ ರಾಜಕಾರಣಕ್ಕೆ ರುಚಿಸುವುದು ಅಂದಿನಿಂದ ಇಂದಿನವರೆಗೂ ನಡೆದುಬಂದಿದೆ.

ಪುಣೆಗೆ ಮುನಿಸಿಪಾಲಿಟಿ ಬಂದುದು 1857ರಲ್ಲಿ. ಮುಂಬಯಿ ಇಲಾಖೆಯ 1901ರ ಜಿಲ್ಲಾ ಮುನಿಸಿಪಲ್ ಕಾಯಿದೆಯಲ್ಲಿ ಬೆಂಕಿ ಆರಿಸುವುದು, ಬೆಂಕಿ ಬಿದ್ದಾಗ ಜೀವ ಮತ್ತು ಆಸ್ತಿಗಳನ್ನು ಕಾಪಾಡುವುದು ಮುನಿಸಿಪಾಲಿಟಿಯ ಕಡ್ಡಾಯ ಕರ್ತವ್ಯವೆಂದು ಬರೆದಿತ್ತು. ದೀಪ ಹಚ್ಚುವುದು, ಚರಂಡಿ ಬಳಿಯುವುದು, ಬೆಂಕಿ ಆರಿಸುವುದು ಎಲ್ಲವೂ ಒಂದೇ ಪಟ್ಟಿಯಲ್ಲಿ. ಅಂದಿನ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಾಪುರಗಳಿಗೂ ಪುಣೆಗೂ ಈ ವಿಷಯದಲ್ಲಿ ಒಂದೇ ಕಾನೂನು, ಒಂದೇ ಸರಕಾರ. ನಮ್ಮ ಅಜ್ಜಂದಿರು ಹುಬ್ಬಳ್ಳಿಯಲ್ಲಿದ್ದರೂ ಪುಣೆಯಲ್ಲಿದ್ದರೂ ಬೆಂಕಿ ಬಿದ್ದರೆ ಮೊರೆಹೋಗಬೇಕಾದುದು ತಾವು ಮತ ಹಾಕಿದ ಮುನಿಸಿಪಲ್ ಸದಸ್ಯರಿಗೇ.

ಇಲಾಖೆಯ ರಾಜಧಾನಿಯಾದ ಮುಂಬಯಿಯಲ್ಲಿ ಬೆಂಕಿಯ ದಳ ಮೊದಲು ಪೋಲೀಸರ ಕೈಯಲ್ಲಿದ್ದಿತು, ಅವರಿಗದು ಉಪಕಸುಬು. 1887ರಲ್ಲಿ ಅದು ಮುನಿಸಿಪಾಲಿಟಿಯ ಕೈಗೆ ಬಂದು ಸಂಬಳದ ಪೂರ್ಣಾವಧಿ ದಳವಾಯಿತು. ಆ ದಳದ ದೊಡ್ಡ ಪರೀಕ್ಷೆ 1944ರ ಏಪ್ರಿಲ್ 14ರಂದು ನಡೆಯಿತು. ಬಂದರಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟೈಕಿನ್’ ಎಂಬ ಹಡಗಿನಲ್ಲಿ ಹತ್ತಿಯ ಅಂಡಿಗೆಗಳೂ ಯುದ್ಧದ ಸ್ಫೋಟಕಗಳೂ ಒಟ್ಟಿಗೇ ತುಂಬಿದ್ದವು. ಹತ್ತಿಗೆ ಬೆಂಕಿ ತಗುಲಿತು. ಹಡಗನ್ನು ಮುಳುಗಿಸಬೇಕೆ ಬೇಡವೆ ಎಂದು ಅಧಿಕಾರಿಗಳು ಚರ್ಚಿಸುತ್ತಿರುವಾಗಲೇ ಅದು ಸಿಡಿಯಿತು. ನೀರಿನ ಕೊಳವೆಗಳನ್ನು ಹಿಡಿದು ನಿಂತಿದ್ದವರಲ್ಲಿ 66 ಮಂದಿ ಅಗ್ನಿಶಾಮಕರು ಮಡಿದರು. ಇಂದು ಏಪ್ರಿಲ್ 14ರಿಂದ ಒಂದು ವಾರ ದೇಶದಲ್ಲೆಲ್ಲ ಅಗ್ನಿಶಾಮಕ ಸಪ್ತಾಹ ಆಚರಿಸುವುದು ಅವರ ನೆನಪಿಗಾಗಿಯೇ. ನಮ್ಮ ಬ್ಯಾಂಕಿಗೂ ಆ ವಾರ ಬಂಬಿನವರು ಬಂದು, ಚೀಟಿ ಅಂಟಿಸಿ, ದೇಣಿಗೆಯ ಡಬ್ಬಿ ಅಲ್ಲಾಡಿಸಿ ಹೋಗುತ್ತಾರೆ. ಅದರ ಹಿಂದಿನ ಕಥೆ ಕೌಂಟರಿನ ಈಚೆಗಿದ್ದ ನಮಗೂ ಬಹುಕಾಲ ತಿಳಿದಿರಲಿಲ್ಲ.

ಈ ‘ಸಂಬಳದ ದಳ’ ಎಂಬುದು ನಮಗೆ ಸಹಜವೆಂದು ತೋರುತ್ತದೆ. ಜಗತ್ತಿನಲ್ಲೆಲ್ಲ ಹಾಗಿಲ್ಲ. ಅಮೆರಿಕದಲ್ಲಿ ಬೆಂಜಮಿನ್ ಫ್ರಾಂಕ್ಲಿನರು 1736ರಲ್ಲಿ ಫಿಲಡೆಲ್ಫಿಯಾದ ನೆರೆಹೊರೆಯವರನ್ನು ಕೂಡಿಸಿ ಸ್ವಯಂಸೇವಕರ ಒಂದು ಕೂಟ ಕಟ್ಟಿದರು. ಸಂಬಳವಿಲ್ಲ, ಪ್ರತಿಯೊಬ್ಬನೂ ತನ್ನ ತೊಗಲಿನ ಬಕೀಟನ್ನು ತಾನೇ ತರಬೇಕು. ಈ ಪದ್ಧತಿ ಊರೂರಿಗೆ ಹಬ್ಬಿತು. ಇಂದಿಗೂ ಆ ದೇಶದ ಅಗ್ನಿಶಾಮಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸ್ವಯಂಸೇವಕರೇ. ನಮ್ಮ ಮಕ್ಕಳು ಅಲ್ಲಿಯ ಚಿಕ್ಕ ಊರುಗಳಿಂದ ಫೋನು ಮಾಡಿ, ಪಕ್ಕದ ಮನೆಯ ಶಾಲಾ ಮಾಸ್ತರರೇ ರಾತ್ರಿ ಶಿರಸ್ತ್ರಾಣ ತೊಟ್ಟು ಬಂಬಿನ ಮೇಲೆ ಹೋಗುತ್ತಾರೆಂದು ಆಶ್ಚರ್ಯಪಡುವುದುಂಟು.

ಆದರೆ ಊರು ಬೆಳೆದು ನಗರವಾದಾಗ ಈ ಕೂಟಗಳು ಬೇರೆ ಬಣ್ಣ ತಳೆದವು. ನ್ಯೂಯಾರ್ಕಿನ ವಾರ್ಡುವಾರ್ಡಿಗೂ ಒಂದೊಂದು ಕಂಪನಿ. ಒಂದೊಂದರಲ್ಲೂ ಕಟ್ಟುಮಸ್ತಾದ ಹುಡುಗರು. ಬೆಂಕಿಯ ಸದ್ದು ಕೇಳಿದೊಡನೆ ಯಾರ ಬಂಬು ಮೊದಲು ಮುಟ್ಟುವುದೋ ಎಂಬ ಪಂಥ. ನೀರಿನ ನಲ್ಲಿಗಾಗಿ ಬೀದಿಯಲ್ಲೇ ಹೊಡೆದಾಟ. ಅತ್ತ ಮನೆ ಉರಿಯುತ್ತಿರಲು ಇತ್ತ ಇವರ ಕುಸ್ತಿ! ಬಿಟ್ಟಿ ಸಿಕ್ಕುವ ಇಷ್ಟೊಂದು ತೋಳುಗಳು ಚುನಾವಣೆಯ ದಿನ ಎಷ್ಟು ಉಪಯೋಗವೆಂಬುದನ್ನು ಚತುರರು ಬೇಗ ಕಂಡುಕೊಂಡರು. ವಿಲಿಯಂ ಟ್ವೀಡ್ ಎಂಬಾತ ‘ಅಮೆರಿಕಸ್’ ಎಂಬ ಆರನೆಯ ನಂಬರಿನ ಬಂಬಿನ ಮುಖ್ಯಸ್ಥನಾಗಿ ಹೆಸರು ಗಳಿಸಿ, ಅಲ್ಲಿಂದ ನಗರಸಭೆಗೆ ಹೋಗಿ, ಕಡೆಗೆ ಇಡೀ ನಗರದ ಖಜಾನೆಯನ್ನೇ ತಿಂದು ಜೈಲು ಸೇರಿದ. ಆ ಬಂಬಿನ ಮೇಲೆ ಬರೆದಿದ್ದ ಹುಲಿಯ ಮುಖವೇ ಮುಂದೆ ಅವನ ಪಕ್ಷದ ಗುರುತಾಯಿತು. 1865ರಲ್ಲಿ ರಾಜ್ಯದ ಶಾಸನಸಭೆ ಸ್ವಯಂಸೇವಕರನ್ನು ಮನೆಗೆ ಕಳುಹಿಸಿ ಸಂಬಳದ ದಳ ಸ್ಥಾಪಿಸಿತು. ಅದೂ ಬರಿಯ ಬೆಂಕಿಯ ಚಿಂತೆಯಿಂದಲೇ ಎಂದು ನಂಬಬೇಕಿಲ್ಲ. ರಾಜ್ಯದಲ್ಲಿ ಒಂದು ಪಕ್ಷ, ನಗರದಲ್ಲಿ ಇನ್ನೊಂದು ಪಕ್ಷ, ಇವರ ತೋಳು ಮುರಿಯಲು ಅವರು ಮಾಡಿದ ಉಪಾಯವೂ ಅದರಲ್ಲಿದ್ದಿತು. ಐದೇ ವರ್ಷಗಳಲ್ಲಿ ಟ್ವೀಡನ ಕಾಲದ ಹೊಸ ಸನ್ನದು ಬಂದು ದಳ ಮತ್ತೆ ನಗರದ ಕೈಗೆ ಬಂದಿತು. ಅದಕ್ಕೂ ಮೊದಲೇ, 1853ರಲ್ಲಿ, ಸಿನ್ಸಿನಾಟಿ ನಗರ ಇಡೀ ದಳಕ್ಕೆ ಸಂಬಳ ಗೊತ್ತುಮಾಡಿತ್ತು. ಉಗಿಯ ಬಂಬು ಬಂದುದರಿಂದ ಎಳೆಯುವ, ಒತ್ತುವ ನೂರಾರು ಕೈಗಳ ಅವಶ್ಯಕತೆಯೇ ತಪ್ಪಿಹೋಗಿದ್ದಿತು. ಕೈಗಳು ಬೇಡವಾದಾಗ ಸ್ವಯಂಸೇವೆಯ ದೋಷಗಳು ಎಲ್ಲರ ಕಣ್ಣಿಗೂ ಬಿದ್ದವು ಎಂದು ನಮಗೆ ತೋರುತ್ತದೆ.

ಲಂಡನ್ನಿನ ಕಥೆ ನಮ್ಮ ಬ್ಯಾಂಕಿನವರಿಗೆ ಹೆಚ್ಚು ಹಿಡಿಸುವಂಥದು. ಅಲ್ಲಿ ಬೆಂಕಿ ಆರಿಸುತ್ತಿದ್ದುದು ವಿಮಾ ಕಂಪನಿಗಳು. ತಮ್ಮ ದುಡ್ಡು ಉರಿಯದಿರಲೆಂದು ಅವು 1833ರಲ್ಲಿ ಕೂಡಿ ಒಂದು ದಳ ಮಾಡಿದವು. ಜೇಮ್ಸ್ ಬ್ರೇಡ್‌ವುಡ್ ಎಂಬವರು ಅದರ ಮುಖ್ಯಸ್ಥರು. 1861ರಲ್ಲಿ ಥೇಮ್ಸ್ ದಂಡೆಯ ಟೂಲಿ ಬೀದಿಯ ಗೋದಾಮುಗಳು ಹೊತ್ತಿ ಉರಿದಾಗ ಗೋಡೆ ಬಿದ್ದು ಅವರು ಸತ್ತರು. ನಷ್ಟದ ಲೆಕ್ಕ ನೋಡಿದ ಕಂಪನಿಗಳು ಸರಕಾರಕ್ಕೆ ಕೈಮುಗಿದು, ಇನ್ನು ಇದು ನಿಮ್ಮದು ಎಂದವು. 1865ರಲ್ಲಿ ಕಾನೂನಾಯಿತು. ಎಲ್ಲಿಯವರೆಗೆ ಲಾಭವೋ ಅಲ್ಲಿಯವರೆಗೆ ಕಂಪನಿ, ಆಮೇಲೆ ತೆರಿಗೆದಾರ ಎಂಬುದು ಹೊಸ ಸುದ್ದಿಯಲ್ಲವೆಂದಾಯಿತು.

ಇದಕ್ಕೆಲ್ಲ ವಿರುದ್ಧವಾಗಿ ನಿಂತಿರುವ ದೇಶ ಒಂದುಂಟು. ದಕ್ಷಿಣ ಅಮೆರಿಕದ ಚಿಲಿಯಲ್ಲಿ ಇಂದಿಗೂ ಬೆಂಕಿಯ ದಳದವರೆಲ್ಲ ಸ್ವಯಂಸೇವಕರು. 1863ರ ಡಿಸೆಂಬರ್ 8ರಂದು ಸಾಂಟಿಯಾಗೋ ನಗರದ ಚರ್ಚೊಂದರಲ್ಲಿ ಹಬ್ಬದ ಪೂಜೆಗೆ ನೆರೆದಿದ್ದಾಗ ಬೆಂಕಿ ಬಿದ್ದು ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು, ಬಹುಮಟ್ಟಿಗೆ ಹೆಂಗಸರು. ಹನ್ನೆರಡೇ ದಿನಗಳಲ್ಲಿ ನಗರದ ತರುಣರು ಕೂಡಿ ದಳ ಕಟ್ಟಿದರು. ಅಲ್ಲಿ ವೈದ್ಯರೂ ವಕೀಲರೂ ಗುಮಾಸ್ತರೂ ತಾವೇ ಚಂದಾ ಕೊಟ್ಟು ಸದಸ್ಯರಾಗುತ್ತಾರಂತೆ. ಸಂಬಳ ಕೊಡುವುದಿರಲಿ, ತಾವೇ ಕೊಡುವುದು! ಜರ್ಮನಿಯವರು ನಡುವಿನ ದಾರಿ ಹಿಡಿದಿದ್ದಾರೆ: ಹಳ್ಳಿ ಪಟ್ಟಣಗಳಲ್ಲಿ ಸ್ವಯಂಸೇವಕರು, ಲಕ್ಷ ಮೀರಿದ ನಗರಗಳಿಗೆ ಬಹುತೇಕ ಕಡೆ ಸಂಬಳದ ದಳ ಕಡ್ಡಾಯ, ಅದರ ಜೊತೆಗೂ ಸ್ವಯಂಸೇವಕರು.

ಇನ್ನು ನಮ್ಮ ನಾಡಿಗೆ ಬರೋಣ. 1956ರ ನವೆಂಬರ್ 1ರಂದು ಮುಂಬಯಿ ಕರ್ನಾಟಕದ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಆ ದಿನದ ಹರ್ಷವನ್ನು ನಮ್ಮ ಹಿರಿಯರು ಹೇಳಿದ್ದನ್ನು ಕೇಳಿದ್ದೇವೆ. ಆದರೆ ಗಡಿ ಬದಲಾದಾಗ ಬಂಬೂ ಧಣಿಯನ್ನು ಬದಲಿಸುತ್ತದೆಂಬುದು ಯಾರ ಭಾಷಣದಲ್ಲೂ ಬರಲಿಲ್ಲ. ಮೈಸೂರು ಶಾಸನಸಭೆ 1964ರಲ್ಲಿ ಅಗ್ನಿಶಾಮಕ ದಳದ ಕಾಯಿದೆ ಮಾಡಿತು. 1965ರ ನವೆಂಬರಿನಿಂದ ಅದು ರಾಜ್ಯ ಸರಕಾರದ ಪ್ರತ್ಯೇಕ ಇಲಾಖೆಯಾಯಿತು. ಇಲ್ಲಿ, ಮಹಾರಾಷ್ಟ್ರದಲ್ಲಿ, ಅದು ಮಹಾನಗರಪಾಲಿಕೆ, ನಗರಪರಿಷತ್ತುಗಳ ಬಳಿಯೇ ಉಳಿಯಿತು. 1950ರಲ್ಲಿ ಪುಣೆ ಮಹಾನಗರಪಾಲಿಕೆಯಾದಾಗ ಅನ್ವಯವಾದ 1949ರ ಕಾಯಿದೆಯಲ್ಲೂ ಬಂಬಿನ ದಳ ಇಡುವುದು ಪಾಲಿಕೆಯ ಕಡ್ಡಾಯ ಕರ್ತವ್ಯವೇ. ಒಂದೇ ತಾಯಿಯ ಇಬ್ಬರು ಮಕ್ಕಳು ಬೇರೆ ಬೇರೆ ಮನೆಗೆ ದತ್ತು ಹೋದಂತೆ ಹುಬ್ಬಳ್ಳಿಯ ಬಂಬೂ ಪುಣೆಯ ಬಂಬೂ ಅಗಲಿದವು. 1992ರ ಸಂವಿಧಾನ ತಿದ್ದುಪಡಿ ನಗರಸಂಸ್ಥೆಗಳಿಗೆ ಕೊಡಬಹುದಾದ ಹದಿನೆಂಟು ಬಾಬುಗಳಲ್ಲಿ ಅಗ್ನಿಶಾಮಕ ಸೇವೆಯನ್ನೂ ಸೇರಿಸಿತು. ಆದರೂ ಕರ್ನಾಟಕ ಅದನ್ನು ಕೈಬಿಡಲಿಲ್ಲ.

ಯಾವುದು ಮೇಲು? ಊರಿಗೆ ಹೋದಾಗ ನಾವು ಕಂಡಂತೆ ಬಡ ತಾಲ್ಲೂಕು ಪಟ್ಟಣಗಳಲ್ಲಿಯೂ ಒಂದು ಬಂಬಿನ ಠಾಣೆ ಇರುತ್ತದೆ. ಆ ಪುರಸಭೆಯ ಸ್ವಂತ ವರಮಾನದಿಂದ ಅದು ಸಾಧ್ಯವಾಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ತರಬೇತಿಯಾದ ಸಿಬ್ಬಂದಿಯೇ ಎಲ್ಲ ಕಡೆಗೂ ಬರುತ್ತದೆ. ಇದು ರಾಜ್ಯದ ಇಲಾಖೆಯ ಗುಣ. ದೋಷವೆಂದರೆ, ಹೊಸ ಬಡಾವಣೆಗೆ ಠಾಣೆ ಬೇಕೆಂದು ಊರಿನವರು ಕೇಳಬೇಕಾದುದು ಬೆಂಗಳೂರನ್ನು. ಇಲಾಖೆಯ ತುದಿಯಲ್ಲಿ ಕುಳಿತವರು ಪೋಲೀಸು ಸೇವೆಯ ಅಧಿಕಾರಿಗಳು, ಇಂದು ಇಲ್ಲಿ, ನಾಳೆ ಇನ್ನೊಂದು ಕಡೆ. ಪುಣೆಯಲ್ಲಾದರೆ ನಾವು ಕಟ್ಟುವ ಮನೆಪಟ್ಟಿಯ ಚೀಟಿಯಲ್ಲಿ ಅಗ್ನಿಶಾಮಕ ಕರವೆಂದು ಒಂದು ಸಾಲೇ ಉಂಟು. ಕೊಟ್ಟ ಹಣ ಯಾರ ಕೈಸೇರಿತೆಂದು ಗೊತ್ತು. ಕೇಳಲು ನಗರಸೇವಕರ ಮನೆಯೂ ಗೊತ್ತು. ಆದರೆ ನಗರಸೇವಕರಿಗೆ ಉದ್ಘಾಟನೆಯಲ್ಲಿ ಇರುವ ಆಸಕ್ತಿ ನೇಮಕದಲ್ಲಿಲ್ಲ. ಠಾಣೆಯ ಕಟ್ಟಡಕ್ಕೆ ಹೆಸರಿನ ಕಲ್ಲು ಹಾಕಬಹುದು, ರಾತ್ರಿಪಾಳಿಗೆ ಇನ್ನಾರು ಜನ ಸೇರಿದರೆ ಅದರ ಮೇಲೆ ಯಾವ ಕಲ್ಲು ಹಾಕುವುದು? ಪುಣೆಯ ದಳದಲ್ಲಿ ಮಂಜೂರಾದ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದುದನ್ನು ಪತ್ರಿಕೆಗಳು ಮತ್ತೆ ಮತ್ತೆ ಬರೆದಿವೆ. ಅಷ್ಟೇ ಸಾಲದೆಂಬಂತೆ 2022ರ ಮಾರ್ಚಿಯಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಹಲವು ವರ್ಷ ಚುನಾವಣೆಯೇ ನಡೆಯಲಿಲ್ಲ. ಆಡಳಿತಾಧಿಕಾರಿಯ ಕಾಲದಲ್ಲಿ ಕೇಳಲು ನಗರಸೇವಕರೂ ಇಲ್ಲವಾದರು.

ಬಂಬಿಗೂ ಗಡಿಯ ರಾಜಕಾರಣಕ್ಕೂ ಇರುವ ನಂಟನ್ನು ನೋಡಬೇಕಾದರೆ ಪುಣೆಯ ಅಂಚಿಗೇ ಹೋಗಬೇಕು. ಇಲ್ಲಿ ಒಂದಲ್ಲ, ಹಲವು ದಳಗಳಿವೆ. ಪುಣೆ ಪಾಲಿಕೆಯದು ಒಂದು, ಪಿಂಪ್ರಿ-ಚಿಂಚವಡದ್ದು ಒಂದು, ದಂಡಿನ ಪ್ರದೇಶದ ಬೋರ್ಡುಗಳವು ಬೇರೆ, ಕೈಗಾರಿಕಾ ವಸಾಹತಿನದು ಬೇರೆ, 2015ರಲ್ಲಿ ಹುಟ್ಟಿದ ಮಹಾನಗರ ಪ್ರದೇಶ ಪ್ರಾಧಿಕಾರದ್ದು ಮತ್ತೂ ಬೇರೆ. ಹೊಗೆಗೆ ಮಾತ್ರ ಈ ಗಡಿಗಳು ತಿಳಿಯವು. 2021ರ ಮಾರ್ಚಿಯಲ್ಲಿ ಕ್ಯಾಂಪಿನ ಶಿವಾಜಿ ಮಾರ್ಕೆಟ್ಟು ಸುಟ್ಟಿತು. ಹತ್ತೇ ದಿನಗಳ ಬಳಿಕ ಫ್ಯಾಶನ್ ಸ್ಟ್ರೀಟಿನ ನೂರಾರು ಅಂಗಡಿಗಳು ಒಂದೇ ರಾತ್ರಿಯಲ್ಲಿ ಬೂದಿಯಾದವು. ದಂಡಿನ ಬೋರ್ಡಿನ ಮುಖ್ಯ ಅಗ್ನಿಶಾಮಕ ಅಧಿಕಾರಿ ಆ ಬೆಂಕಿಯೊಡನೆ ಹೋರಾಡಿ ನಸುಕಿನಲ್ಲಿ ಮನೆಗೆ ಮರಳುತ್ತಿದ್ದಾಗ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷದ ಜೂನ್ 7ರಂದು ಮುಳಶಿ ತಾಲ್ಲೂಕಿನ ಉರವಡೆಯ ಕಾರಖಾನೆಯಲ್ಲಿ ಬೆಂಕಿ ಬಿದ್ದು 17 ಕೆಲಸಗಾರರು ಸತ್ತರು, ಹೆಚ್ಚಿನವರು ಹೆಣ್ಣುಮಕ್ಕಳು. ಆ ಊರು ಯಾವ ನಗರಪಾಲಿಕೆಯ ಎಲ್ಲೆಯೊಳಗೂ ಇರಲಿಲ್ಲ.

ಉರುಳಿ ದೇವಾಚಿಯ ಕಥೆ ಇನ್ನೂ ವಿಚಿತ್ರವಾದುದು. ಇಡೀ ಪುಣೆಯ ಕಸ ಬಹುಕಾಲ ಆ ಊರಿನ ನೆತ್ತಿಯ ಮೇಲೆ ಬಿದ್ದಿತು. 2017ರಲ್ಲಿ ಪಾಲಿಕೆಗೆ ಸೇರಿದ ಹನ್ನೊಂದು ಹಳ್ಳಿಗಳಲ್ಲಿ ಅದೂ ಒಂದು. 2019ರ ಮೇ 9ರ ನಸುಕಿನಲ್ಲಿ ಅಲ್ಲಿಯ ಸೀರೆಯಂಗಡಿಯೊಂದಕ್ಕೆ ಬೆಂಕಿ ಬಿದ್ದಿತು. ಒಳಗೆ ಮಲಗಿದ್ದವರು ಐವರು ಕೆಲಸದ ಹುಡುಗರು. ಬಾಗಿಲಿಗೆ ಹೊರಗಿನಿಂದ ಬೀಗ. ಐವರೂ ಸತ್ತರು. 2021ರಲ್ಲಿ ಇನ್ನೂ ಇಪ್ಪತ್ತಮೂರು ಹಳ್ಳಿಗಳು ಸೇರಿ ಪಾಲಿಕೆಯ ವಿಸ್ತಾರ 500 ಚದರ ಕಿಲೋಮೀಟರು ಮೀರಿತು. ಹಳ್ಳಿಗರಿಗೆ ನಗರದ ತೆರಿಗೆ ಮೊದಲು ಬಂದಿತು, ಸೌಕರ್ಯ ಹಿಂದೆ ಉಳಿಯಿತು. ಉರುಳಿ ಮತ್ತು ಫುರಸುಂಗಿಯ ಜನ ಕೂಗೆಬ್ಬಿಸಿದರು. 2024ರಲ್ಲಿ ಸರಕಾರ ಎರಡನ್ನೂ ಪಾಲಿಕೆಯಿಂದ ಬಿಡಿಸಿ ಬೇರೊಂದು ನಗರಪರಿಷತ್ತು ಮಾಡಿತು. ತೆರಿಗೆಯ ಗೋಳು ನಿಜ, ಅವರನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಏಳು ವರ್ಷಗಳಲ್ಲಿ ಒಂದು ಊರಿನ ಬೆಂಕಿಗೆ ಎರಡು ಬಾರಿ ಧಣಿ ಬದಲಾಯಿತು.

ಇದು ನಮಗೇಕೆ ಎಂದು ಪೇಠೆಯ ಒಳಗಿನ ಬಂಧುಗಳು ಕೇಳಿಯಾರು. ಕಲಬುರಗಿ, ಯಾದಗಿರಿ, ವಿಜಾಪುರಗಳಿಂದ ಕಟ್ಟಡದ ಕೆಲಸಕ್ಕೆಂದು ಬರುವ ನಮ್ಮವರು ವಾಸಿಸುವುದು ಈ ಅಂಚಿನಲ್ಲಿಯೇ. ತಗಡಿನ ಶೆಡ್ಡುಗಳಲ್ಲಿ, ಒಂದಕ್ಕೊಂದು ತಾಗಿ, ನಡುವೆ ಗ್ಯಾಸಿನ ಚಿಕ್ಕ ಸಿಲಿಂಡರು. ಅವರ ಮತ ಊರಿನಲ್ಲಿ, ಬೆವರು ಇಲ್ಲಿ. ಬಂಬಿನ ಠಾಣೆ ಎಲ್ಲಿರಬೇಕೆಂಬ ಚರ್ಚೆಯಲ್ಲಿ ಅವರ ಧ್ವನಿ ಎಲ್ಲಿಯೂ ಇಲ್ಲ. ಇವರ ಮಕ್ಕಳಲ್ಲಿ ಕೆಲವರು ನಮ್ಮ ಸಂಘದ ಕನ್ನಡ ತರಗತಿಗೆ ಬರುತ್ತಾರೆ.

ನಮ್ಮಲ್ಲಿ ಸ್ವಯಂಸೇವಕರು ಇಲ್ಲವೆ? ಬೇಕಾದಷ್ಟಿದ್ದಾರೆ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು ಮುಠಾ ನದಿ ಪೇಠೆಗಳಿಗೆ ನುಗ್ಗಿದಾಗ ನೆರೆಯವರನ್ನು ಎತ್ತಿದ ಕೈಗಳು ಬಹುಪಾಲು ನೆರೆಯವರವೇ. ಇಂದಿಗೂ ಗಣಪತಿ ಮಂಡಳಗಳ ಹುಡುಗರು ವಿಸರ್ಜನೆಯ ದಿನ ಹಗ್ಗ ಹಿಡಿದು ಲಕ್ಷ ಜನರನ್ನು ದಾಟಿಸುವುದನ್ನು ನೋಡಿದರೆ ಯಾವ ದೇಶದ ದಳಕ್ಕೂ ಇವರು ಕಡಮೆಯಲ್ಲ. ಆದರೆ ಅವರನ್ನು ಹಿಡಿದು ಕಲಿಸಿ, ಬಂಬಿನ ಜೊತೆ ಜೋಡಿಸುವ ಏರ್ಪಾಡು ಬಲವಾಗಿ ಬೆಳೆಯಲಿಲ್ಲ. ಮೊರಾರ್ಜಿ ದೇಸಾಯಿಯವರು 1946ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಗೃಹರಕ್ಷಕ ದಳ ಉಂಟು, 1968ರ ನಾಗರಿಕ ರಕ್ಷಣಾ ಕಾಯಿದೆ ಉಂಟು. ಮೈಸೂರಿನ 1964ರ ಕಾಯಿದೆಯಲ್ಲೇ ಸ್ವಯಂಸೇವಕರ ಸಹಾಯಕ ದಳ ಕಟ್ಟಲು ಸರಕಾರಕ್ಕೆ ಅಧಿಕಾರವಿದೆ. ಕಾಗದದಲ್ಲಿ ಕೊರತೆಯಿಲ್ಲ. ಮಂಡಳದ ಹುಡುಗರನ್ನು ನಮ್ಮ ಪಕ್ಷಗಳು ಬಲ್ಲವು. ಟ್ವೀಡ್ ಬಲ್ಲಂತೆಯೇ ಬಲ್ಲವು. ನಮ್ಮ ಪುಣ್ಯಕ್ಕೆ ಬಂಬು ಅವರ ಕೈಯಲ್ಲಿಲ್ಲ. ನಮ್ಮ ದುರ್ದೈವಕ್ಕೆ ಬಕೀಟು ಹಿಡಿಯುವ ವಿದ್ಯೆಯೂ ಅವರ ಕೈಯಲ್ಲಿಲ್ಲ.

ಈಗ ಮೀಟರುಗಳ ಕೋಣೆಯ ವಿಷಯ. ಮಹಾರಾಷ್ಟ್ರದ 2006ರ ಅಗ್ನಿ ಕಾಯಿದೆಯ ಪ್ರಕಾರ ನಮ್ಮಂಥ ಕಟ್ಟಡಗಳು ಜನವರಿ ಮತ್ತು ಜುಲೈಯಲ್ಲಿ, ಬೆಂಕಿ ಆರಿಸುವ ಸಲಕರಣೆಗಳೆಲ್ಲ ಸುಸ್ಥಿತಿಯಲ್ಲಿವೆ ಎಂದು ಪರವಾನಗಿಯುಳ್ಳ ಏಜನ್ಸಿಯಿಂದ ಪ್ರಮಾಣಪತ್ರ ಪಡೆದು ಸಲ್ಲಿಸಬೇಕು. ಬಿ.ಕಾಂ. ಆದವರೆಂದು ನಮ್ಮನ್ನು ಸೊಸೈಟಿಯ ಖಜಾಂಚಿ ಮಾಡಿದ್ದರು. ನೀರಿನ ಪಂಪು ಕೆಟ್ಟು ಎಂಟು ತಿಂಗಳಾಗಿತ್ತು. ದುರಸ್ತಿಗೆ ಮೂರು ಸಭೆ ಕರೆದರೂ ಸಮಿತಿಯ ಎರಡು ಪಂಗಡಗಳು ಯಾರ ಪರಿಚಯದ ಗುತ್ತಿಗೆದಾರನಿಗೆ ಕೆಲಸ ಕೊಡಬೇಕೆಂದು ಜಗಳವಾಡಿ ಎದ್ದುಹೋಗಿದ್ದವು. ಜುಲೈ ಬಂದಿತು. ಏಜನ್ಸಿಯವನು ಕೆಳಗೆ ಚಹಾ ಕುಡಿದು, ಪಂಪನ್ನು ನೋಡದೆ, ಪ್ರಮಾಣಪತ್ರ ಕೊಟ್ಟ. ಚೆಕ್ಕಿಗೆ ಸಹಿ ಮಾಡಿದವರು ನಾವು. ಪಂಪು ಕೆಟ್ಟಿದೆಯೆಂದು ನಮಗೆ ಗೊತ್ತಿತ್ತು.

ಆ ರಾತ್ರಿ ಕಾವಲುಗಾರ ಕೂಗಿದಾಗ ನಾವು ಇಳಿದು ಓಡಿದೆವು. ಕೆಂಪು ಪೆಟ್ಟಿಗೆಯ ಪೈಪು ಬಿಚ್ಚಿದರೆ ಒಂದು ತೊಟ್ಟು ನೀರಿಲ್ಲ. ಮರಳಿನ ಬಕೀಟುಗಳಲ್ಲಿ ಸಿಗರೇಟಿನ ತುಂಡು, ಎಲೆಯಡಿಕೆಯ ಉಗುಳು. ಮೂರನೆಯ ಮಹಡಿಯ ಒಬ್ಬ ಕಾಲೇಜು ಹುಡುಗ, ತನ್ನ ಕಾಲೇಜಿನಲ್ಲಿ ಒಂದೇ ದಿನ ತೋರಿಸಿದ್ದನ್ನು ನೆನಪಿಟ್ಟುಕೊಂಡು, ಮುಖ್ಯ ಸ್ವಿಚ್ಚು ಇಳಿಸಿ, ಇದ್ದುದರಲ್ಲಿ ಕೆಲಸ ಮಾಡುತ್ತಿದ್ದ ಒಂದೇ ಪುಡಿಯ ಸಿಲಿಂಡರನ್ನು ಬೆಂಕಿಯ ಬುಡಕ್ಕೆ ಹಿಡಿದ. ನೀರು ಸಿಕ್ಕಿದ್ದರೆ ನಾವು ಅದನ್ನೇ ವಿದ್ಯುತ್ತಿನ ಮೇಲೆ ಎರಚುತ್ತಿದ್ದೆವು ಎಂಬುದು ಇನ್ನೊಂದು ಮಾತು! ಅಷ್ಟರಲ್ಲಿ ಬಂಬು ಬಂದಿತು. ಗೇಟಿನೆದುರು ನಿಲ್ಲಿಸಿದ್ದ ಕಾರುಗಳನ್ನು ಸರಿಸಲು ಹಿಡಿದಷ್ಟು ಹೊತ್ತು ಬೆಂಕಿ ಆರಿಸಲು ಹಿಡಿಯಲಿಲ್ಲ. ಎಲ್ಲ ಮುಗಿದ ಮೇಲೆ ಬಂಬಿನ ಹಿರಿಯರು ಪಂಪಿನ ಕೋಣೆ ನೋಡಿ, ಗೋಡೆಗೆ ತೂಗುಹಾಕಿದ್ದ ಪ್ರಮಾಣಪತ್ರ ಓದಿ, ನಮ್ಮ ಮುಖ ನೋಡಿದರು. ಏನೂ ಅನ್ನಲಿಲ್ಲ. ಅವರ ಕೋಟಿನ ಮೊಣಕೈ ಹರಿದಿತ್ತು.

ಮುಂದಿನ ವಾರವೇ ಪಂಪು ದುರಸ್ತಿಯಾಯಿತು. ಎರಡೂ ಪಂಗಡದವರು ಒಂದೇ ಸಭೆಯಲ್ಲಿ ಕೈಯೆತ್ತಿದರು. ಆ ಕಾಲೇಜು ಹುಡುಗ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಪಂಪು ಓಡಿಸಿ, ಪೈಪು ಬಿಚ್ಚಿ ಸುತ್ತುತ್ತಾನೆ. ಮೊದಲ ತಿಂಗಳು ಇಪ್ಪತ್ತೆರಡು ಜನ ಇಳಿದುಬಂದಿದ್ದರು. ಕಳೆದ ತಿಂಗಳು ನಾವು, ಆ ಹುಡುಗ, ಕಾವಲುಗಾರ, ಮತ್ತು ಮೊಣಕಾಲು ನೋವಿನ ಒಬ್ಬ ಮರಾಠಿ ಕಾಕಾ, ನಾಲ್ಕೇ ಜನ. ನೀರು ಮಾತ್ರ ಎರಡನೆಯ ಮಹಡಿಯ ಕಿಟಕಿಯವರೆಗೆ ಹಾರಿತು.